ನೂರ ಎಂಬತ್ತೊಂದನೆಯ ಪುಟದ ಆಚೆ

ಬೀದರ ಒಳಗೇರಿ,
ಇಸವಿ ಎರಡು ಸಾವಿರದ ಆರುನೂರ ಹದಿನಾಲ್ಕು, ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ

ಹೆಸರು ತಿಳಿಯದ ಕಾದಂಬರಿಕಾರರಿಗೆ, ಓದುಗಾರ್ತಿ ಮಹಾನಂದಾಳ ನಮಸ್ಕಾರಗಳು.

ಮೇಲಿನ ತಾರೀಖು ಕಂಡು ಗಾಬರಿಯಾಗಬೇಡಿ. ನಮ್ಮಲ್ಲಿ ವರ್ಷಕ್ಕೆ ಎರಡು ಬೇಸಿಗೆ. ನನ್ನ ಕನ್ನಡ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮದೊಂದೇ ಪುಸ್ತಕದಿಂದ, ಹಾಗಾಗಿ ತಪ್ಪುಗಳಲ್ಲಿ ಅರ್ಧ ನಿಮ್ಮವೇ ಇರಬಹುದು. ಅದರ ರಕ್ಷಾಪುಟವನ್ನು ಗೆದ್ದಲು ತಿಂದಿದೆ, ನಿಮ್ಮ ಹೆಸರೂ ಅದರೊಂದಿಗೇ ಹೋಗಿದೆ. ನೀವು ಅದನ್ನು ಇನ್ನೂ ಬರೆಯುತ್ತಿರುವಾಗಲೇ ಈ ಕಾಗದ ತಲುಪಲಿ ಎಂಬುದು ನನ್ನ ಆಸೆ. ಹೇಗೆ ತಲುಪುತ್ತದೆ ಎಂದು ಕೇಳಬೇಡಿ. ನಿಮ್ಮ ಕತೆಯಲ್ಲಿ ಕಾಗದಗಳು ಹೇಗೆ ತಲುಪುತ್ತವೆ ಎಂದು ನೀವೂ ಹೇಳಿಲ್ಲ.

ನಾವಿರುವುದು ನೆಲದಡಿಯಲ್ಲಿ. ಹಿಂದಿನವರು ನೀರಿಗಾಗಿ ತೋಡಿದ್ದ ಸುರಂಗಗಳನ್ನು ಅಗಲ ಮಾಡಿ ಮನೆ ಕಟ್ಟಿಕೊಂಡಿದ್ದೇವೆ. ಇದಕ್ಕೇ ಒಳಗೇರಿ ಎನ್ನುವುದು. ಬಿಸಿಲು ಇಲ್ಲಿಗೆ ಬೆಳಕುಬಾವಿಗಳಿಂದ, ಅಂದರೆ ಕನ್ನಡಿ ಕೂರಿಸಿದ ಉದ್ದನೆಯ ಕಿಂಡಿಗಳಿಂದ, ಇಳಿದು ಬರುತ್ತದೆ. ಮಧ್ಯಾಹ್ನ ಅದು ನೇರವಾಗಿ ಬೀಳುವ ಒಂದೂವರೆ ಗಂಟೆ ನಮ್ಮ ಓದಿನ ಹೊತ್ತು. ಜೋಳದ ರೊಟ್ಟಿ, ಪುಂಡಿಪಲ್ಯ ಮುಗಿಸಿ ಎಲ್ಲರೂ ಬಂದು ಕೂರುತ್ತಾರೆ, ಓದುಗಾರ್ತಿ ಗಟ್ಟಿಯಾಗಿ ಓದುತ್ತಾಳೆ. ಮೂವತ್ತೆರಡು ವರ್ಷ ಆ ಕೆಲಸ ಮಾಡಿದವಳು ನನ್ನ ತಂದೆಯ ಅಕ್ಕ ಸೋನಾಬಾಯಿ. ಅವಳ ಕಣ್ಣು ಹೋದ ಮೇಲೆ, ಈಗ್ಗೆ ಎಂಟು ವರ್ಷದಿಂದ, ನಾನು ಓದುತ್ತಿದ್ದೇನೆ.

ನಮ್ಮಲ್ಲಿ ಬರಹ ಎಂದರೆ ಆಜ್ಞೆ. ಗಾಳಿಬಾಗಿಲ ಮೇಲೆ ‘ಮುಚ್ಚಿ’ ಎಂದಿದ್ದರೆ ಮುಚ್ಚುತ್ತೇವೆ, ಪಂಪಿನ ಮೇಲೆ ‘ಮೂರು ಸುತ್ತು’ ಎಂದಿದ್ದರೆ ನಾಲ್ಕನೆಯ ಸುತ್ತು ತಿರುಗಿಸುವುದಿಲ್ಲ. ಹಿಂದೊಮ್ಮೆ ಯಾರೋ ಉಡಾಫೆ ಮಾಡಿ ಹನ್ನೊಂದು ಜನ ಉಸಿರುಕಟ್ಟಿ ಸತ್ತಿದ್ದರು. ಅಂದಿನಿಂದ ಮಕ್ಕಳಿಗೆ ಮೊದಲು ಕಲಿಸುವುದೇ ಬರೆದದ್ದನ್ನು ಪಾಲಿಸುವುದು. ಇಂಥವರ ಕೈಗೆ ನಿಮ್ಮ ಪುಸ್ತಕ ಸಿಕ್ಕಿತು ನೋಡಿ.

ನಿಮ್ಮ ಕತೆಯ ಮಾಯಾರಾಜ್ಯದವರಿಗೆ ತಮ್ಮನ್ನು ಯಾರೋ ಓದುತ್ತಿದ್ದಾರೆಂದು ಗೊತ್ತು. ಓದುವವರು ಆಕಳಿಸಿದರೆ ಅಲ್ಲಿ ಪ್ರವಾಹ, ನಕ್ಕರೆ ಮಾವು ಹೂಬಿಡುತ್ತದೆ. ನಮ್ಮವರು ಆಕಳಿಕೆ ಬಂದಾಗ ಸೆರಗು, ಟವೆಲು ಬಾಯಿಗೆ ತುರುಕಿಕೊಂಡು ಕೂತರು. ಪಂಪು ನೋಡಿಕೊಳ್ಳುವ ವೀರಶೆಟ್ಟಿ ಮಾವಿನ ಆಸೆಗೆ ಸುಮ್ಮಸುಮ್ಮನೆ ನಗುತ್ತಿದ್ದ. ಕತೆ ಯಾರಿಗೆ ಬೇಡ? ಆದರೆ ಕತೆಯೇ ನಮ್ಮತ್ತ ತಿರುಗಿ ‘ಊಟವಾಯಿತೇ’ ಎಂದು ಕೇಳುವ ಸುಖವೇ ಬೇರೆ. ನೆಲದಡಿಯವರನ್ನು ಯಾರೂ ವಿಚಾರಿಸುವುದಿಲ್ಲ, ನಿಮ್ಮ ಪುಸ್ತಕ ವಿಚಾರಿಸಿತು. ಅದನ್ನು ಓದುವಾಗ ನನಗಾಗುವಷ್ಟು ಸಂತೋಷ ಇನ್ಯಾವುದರಲ್ಲೂ ಆಗಿಲ್ಲ.

ನೂರ ಎಂಬತ್ತೊಂದನೆಯ ಪುಟದಲ್ಲಿ ಮುಗಿಲಿ ಎಂಬ ನೇಕಾರರ ಹುಡುಗಿ ರಾಜನ ಸೆರೆಯಿಂದ ತಪ್ಪಿಸಿಕೊಂಡು ಮೆಟ್ಟಿಲಿಳಿದು ಓಡುತ್ತಾಳೆ. ಅಲ್ಲಿ ನೀವು ಬರೆದಿರಿ: ‘ಓದುಗರೇ, ಇಲ್ಲಿಗೆ ಪುಸ್ತಕ ಮುಚ್ಚಿ. ಹಾಳೆ ತಿರುಗಿಸಿದರೆ ಮುಗಿಲಿ ಸಾಯುತ್ತಾಳೆ.’

ಸೋನಾಬಾಯಿ ಮುಚ್ಚಿದಳು. ನಲವತ್ತು ವರ್ಷ, ಪ್ರತಿ ವರ್ಷವೂ, ಮೊದಲಿನಿಂದ ಅಲ್ಲಿಯವರೆಗೆ ಓದಿ, ಮುಚ್ಚಿ, ಬಟ್ಟೆ ಸುತ್ತಿ ಇಟ್ಟೆವು. ಆಚೆಗೆ ಇನ್ನೂರು ಪುಟ ಉಳಿದಿದ್ದರೂ ಯಾರೂ ಮುಟ್ಟಲಿಲ್ಲ.

ಈ ವರ್ಷ ಅವಳ ಎಡಗಿವಿ ಪೂರ್ತಿ ಹೋಯಿತು. ಬಲಗಿವಿಯೂ ಈ ಬೇಸಿಗೆ ದಾಟುವುದಿಲ್ಲ ಎಂದು ವೈದ್ಯರು ಹೇಳಿದ್ದಾರೆ. ಮುಂದೇನಾಯಿತೆಂದು ತಿಳಿಯದೆ ಹೋಗಬೇಕಲ್ಲ ಎಂದು ಅವಳು ಊಟ ಬಿಟ್ಟಳು. ಹಾಳೆ ತಿರುಗಿಸುತ್ತೇನೆ ಎಂದು ನಾನು ಹೇಳಿದರೆ ಕೈ ಹಿಡಿದು ತಡೆದಳು. ಮೂರು ದಿನ ಹೀಗೇ ಕಳೆಯಿತು. ನಾಲ್ಕನೆಯ ಮಧ್ಯಾಹ್ನ, “ಪುಸ್ತಕ ಇಲ್ಲಿ ಕೊಡು. ಪಾಪ ಬಂದ್ರ ನನಗೇ ಬರ್ಲಿ, ನಿನ್ನ ಮ್ಯಾಲ ಬ್ಯಾಡ” ಎಂದು, ಕಾಣದ ಕಣ್ಣಿನವಳು ತಡವರಿಸಿ ತಾನೇ ತಿರುಗಿಸಿದಳು. ನಾನು ಗಟ್ಟಿಯಾಗಿ ಓದಿದೆ.

‘ಬಂದಿರಾ? ಬರುತ್ತೀರೆಂದು ಗೊತ್ತಿತ್ತು. ನನ್ನ ಮಾತು ನಂಬಿ ಮುಚ್ಚಿದ್ದರೆ ಮುಗಿಲಿ ಈ ಮೆಟ್ಟಿಲ ಮೇಲೆ ಒಂದು ಕಾಲೆತ್ತಿ ಹಾಗೆಯೇ ನಿಂತಿರುತ್ತಿದ್ದಳು. ನಿಮ್ಮ ಹೆಸರು ಹೇಳಿ, ಅವಳು ಕಾಲು ಇಳಿಸುತ್ತಾಳೆ.’

ಸೋನಾಬಾಯಿ ಪುಟದ ಮೇಲೆ ಅಂಗೈ ಇಟ್ಟಳು. “ನಾ ಸೋನಾಬಾಯಿ ಇದೀನಿ, ತಾಯಿ. ಭಾಳ ತಡಾ ಆಯ್ತು ನಂದು” ಎಂದಳು. ಅವಳು ಅತ್ತಳು, ನಾವೂ ಅತ್ತೆವು.

ಉಳಿದದ್ದನ್ನು ಹತ್ತೊಂಬತ್ತು ದಿನದಲ್ಲಿ ಓದಿ ಮುಗಿಸಿದೆವು. ರಾಜನ ಮೀಸೆ ಪುಟದ ಅಂಚಿಗೆ ಸಿಕ್ಕಿಕೊಂಡಾಗ ಅವಳು ನಕ್ಕದ್ದನ್ನು ನೀವು ಕೇಳಬೇಕಿತ್ತು. ನಿಮ್ಮನ್ನು ಬೈದದ್ದೂ ಕಡಿಮೆಯಿಲ್ಲ, ಅದನ್ನು ಬರೆಯುವುದಿಲ್ಲ. ಈಗ ಹೊಟ್ಟೆ ತುಂಬ ಊಟ ಮಾಡುತ್ತಾಳೆ.

ಅವಳದೊಂದು ಕೋರಿಕೆಯಿದೆ. ‘ಮುಚ್ಚಿ’ ಎಂಬ ಆ ಸಾಲನ್ನು ತೆಗೆಯಬೇಡಿ, ಅದು ಚೆನ್ನಾಗಿದೆ. ಆದರೆ ಮುಗಿಲಿಯನ್ನು ಅಲ್ಲಿ ಒಂಟಿಕಾಲಲ್ಲಿ ನಿಲ್ಲಿಸಬೇಡಿ, ಮೆಟ್ಟಿಲ ಮೇಲೆ ಕೂರಿಸಿ. ನಮ್ಮಷ್ಟು ನಿಧಾನದವರು ಇನ್ನೂ ಇರಬಹುದು. ಅಚ್ಚಾದದ್ದು ಬದಲಾಗುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಅವಳು ಒಪ್ಪುವುದಿಲ್ಲ. ದಿನಾ ಮಧ್ಯಾಹ್ನ ಆ ಪುಟ ತೆಗೆಸಿ, ಬಲಗಿವಿ ನನ್ನತ್ತ ತಿರುಗಿಸಿ, “ಕುಂತಾಳೇನು ನೋಡು” ಎನ್ನುತ್ತಾಳೆ. ಬೇಸಿಗೆ ಮುಗಿಯುವುದರೊಳಗೆ ಕೂರಿಸಿಬಿಡಿ.

ಮಹಾನಂದಾ