ಮೌನ ಬೋಗಿ

ಪ್ರೀತಿಯ ಹೋಕನ್,

ಅಪ್ಪ ಹೋದ ಸುದ್ದಿಯನ್ನು ಫೋನಿನಲ್ಲಿ ಹೇಳಿದ್ದೆ. ಒಂದು ವಿಷಯ ಮಾತ್ರ ಹೇಳಲಾಗಲಿಲ್ಲ.

ರಜೆಗೆಂದು ಬೆಟ್ಟದೂರು ಯೈಲೊದಲ್ಲಿ ಮನೆ ಹಿಡಿದಿದ್ದೆವು. ಮಂಗಳವಾರ ಅಪ್ಪ, ನಾನು, ಮಗಳು ತುವಾ, ಮೂವರೂ ಬರ್ಗನ್ ಪಟ್ಟಣ ನೋಡಿಕೊಂಡು ಸಂಜೆಗೆ ಮರಳೋಣವೆಂದು ರೈಲು ಹತ್ತಿದೆವು. ಅಪ್ಪನಿಗೆ ನೆಮ್ಮದಿಯಿರಲೆಂದು ಯಾರೂ ಮಾತಾಡಬಾರದೆಂಬ ನಿಯಮವಿರುವ ಮೌನ ಬೋಗಿಯಲ್ಲೇ ಸೀಟು ಕಾದಿರಿಸಿದ್ದೆ. ಫಿನ್ಸೆ ನಿಲ್ದಾಣ ದಾಟಿದ ಮೇಲೆ ಅಪ್ಪ ನನ್ನ ಕಡೆ ತಿರುಗಿ, "ಹೋಕನ್‌ಗೆ ಒಂದ್ ಮಾತು ಹೇಳ್ಬೇಕು ಕಣೇ. ನಾನೂ ಅವನೂ ಮಾತಾಡಿ ಒಂಬತ್ತು ವರ್ಷ ಆಯ್ತು," ಎಂದರು. ದನಿ ಸ್ವಲ್ಪ ಜೋರಾಗಿತ್ತು. ಎದುರಿನ ಹೆಂಗಸು ತಲೆಯೆತ್ತಿ ನೋಡಿದಳು.

"ಅಪ್ಪಾ, ಇಲ್ಲಿ ಮಾತಾಡೋ ಹಾಗಿಲ್ಲ. ಇಳಿದ್ಮೇಲೆ ಹೇಳು," ಎಂದೆ.

"ಸರಿ ಟೀಚರಮ್ಮ," ಎಂದು ತುವಾಗೆ ಕಣ್ಣು ಮಿಟುಕಿಸಿ ಕಿಟಕಿಗೆ ಒರಗಿದರು.

ಬರ್ಗನ್‌ನಲ್ಲಿ ಜನರೆಲ್ಲ ಅಪ್ಪನ ನಿದ್ದೆ ಕೆಡದಂತೆ ಸದ್ದಿಲ್ಲದೆ ಇಳಿದುಹೋದರು. ಭುಜ ಮುಟ್ಟಿ ಎಬ್ಬಿಸಹೋದಾಗಲೇ ನನಗೆ ಗೊತ್ತಾದದ್ದು.

ಆ ಮಾತು ಏನಿತ್ತೋ ನಾನರಿಯೆ. ಕ್ಷಮೆಯೋ, ಉಳಿದ ಸಿಟ್ಟೋ. ನಿನಗೆ ಹಿತವಾಗುವಂಥದ್ದನ್ನು ನಾನೇ ಕಟ್ಟಿ ಬರೆದು ಎರಡು ಸಲ ಹರಿದುಹಾಕಿದೆ. ನಾನು ನಿಯಮಕ್ಕೆ ತಲೆಬಾಗಿದೆನೋ, ಆ ಹೆಂಗಸಿನ ನೋಟಕ್ಕೆ ಹೆದರಿದೆನೋ, ಅದೂ ತಿಳಿಯದು.

ಮುಂದಿನ ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮೂರಿನ ಚರ್ಚಿನಲ್ಲಿ ಅಂತ್ಯಸಂಸ್ಕಾರ. ಶವಪೆಟ್ಟಿಗೆ ಹೊರಲು ಆರು ಜನ ಬೇಕು, ಐವರಿದ್ದಾರೆ. ಪಕ್ಕದ ಮನೆಯವರು ಆ ಆರನೆಯ ಜಾಗಕ್ಕೆ ತಾವು ಬರುತ್ತೇವೆಂದರು. ನಾನಿನ್ನೂ ಹೂಂ ಅಂದಿಲ್ಲ. ನಿನ್ನ ಹತ್ತಿರ ಕಪ್ಪು ಸೂಟು ಇಲ್ಲದಿದ್ದರೆ ಅಪ್ಪನದನ್ನು ಇಸ್ತ್ರಿ ಮಾಡಿಸಿಡುತ್ತೇನೆ. ತೋಳಿನ ಉದ್ದ ನಿಮ್ಮಿಬ್ಬರದೂ ಒಂದೇ.

ನಿನ್ನ ಅಕ್ಕ,
ಸುನ್ನೀವಾ