ಇಲ್ಲದ ದಾರಿಗೆ ಜಡಿದ ಬೀಗ

ಮಾನ್ಯ ಕಾಲುದಾರಿ ನಿರ್ದೇಶಕರೇ,

ನಮ್ಮ ಕಣಿವೆಯ ಮೇಲುದಾರಿಯ ಬಾಯಿಗೆ, ಕಲ್ಲುಗೋಡೆಗಳ ನಡುವೆ, ನೀವು ಗೇಟು ನಿಲ್ಲಿಸಿ ಬೀಗ ಜಡಿಸಿದ್ದೀರಿ. ಗೇಟಿಗೆ ತೂಗುಹಾಕಿದ ಫಲಕದಲ್ಲಿ ಕಾರಣವನ್ನೂ ಬರೆಸಿದ್ದೀರಿ: ‘ಈ ಸ್ಥಳದಲ್ಲಿ ಯಾವುದೇ ದಾರಿ ಇರುವುದಿಲ್ಲ.’ ಅಲ್ಲ ಸ್ವಾಮಿ, ದಾರಿಯೇ ಇಲ್ಲ ಅಂದಮೇಲೆ ಬೀಗ ಯಾತಕ್ಕೆ? ಇಲ್ಲದ ಬಾವಿಗೆ ಯಾರಾದರೂ ಮುಚ್ಚಳ ಮಾಡಿಸುತ್ತಾರೆಯೇ? ಇಲಾಖೆಯ ಕಬ್ಬಿಣ, ಇಲಾಖೆಯ ಬಣ್ಣ, ಇಲಾಖೆಯ ಕೆಲಸದವರನ್ನೆಲ್ಲ ಹಚ್ಚಿ, ಯಾರೂ ನಡೆಯದ ಜಾಗದಲ್ಲಿ ಯಾರೂ ನಡೆಯದಂತೆ ತಡೆದ ನಿಮ್ಮ ಮುಂದಾಲೋಚನೆಗೆ ಮೊದಲು ಒಂದು ನಮಸ್ಕಾರ. ಎರಡನೆಯದಾಗಿ, ಆ ಗೇಟು ತೆಗೆಯಿರಿ. ನನ್ನ ಅಕ್ಕನ ಕಣ್ಣು ಹೋಗುತ್ತಿದೆ. ಪೂರ್ತಿ ಹೋಗುವುದರೊಳಗೆ ಅವಳು ಆ ದಾರಿಯನ್ನು ತನ್ನ ಕಾಲಿಗೂ ಕಿವಿಗೂ ಕಲಿಸಿಕೊಳ್ಳಬೇಕಾಗಿದೆ. ವಿಷಯ ಇಷ್ಟೇ. ಉಳಿದದ್ದೆಲ್ಲ ನನ್ನ ಸಿಟ್ಟು, ಪುರುಸೊತ್ತಿದ್ದರೆ ಓದಿ.

ನಾನು ಕಣಿವೆಯ ಕೆಳಗಿನ ಪೇಟೆಯಲ್ಲಿ ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ಇಟ್ಟಿದ್ದೇನೆ. ಅಕ್ಕನ ಮನೆ ಕಣಿವೆಯ ತಲೆಯಲ್ಲಿ, ನಾವಿಬ್ಬರೂ ಹುಟ್ಟಿದ ಮನೆಯೇ ಅದು. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿ ಗೋಡೆ ಕಟ್ಟುವುದು ಅವಳ ಕೆಲಸ. ಮದುವೆಯಾಗಲಿಲ್ಲ, ಯಾರ ಮಾತೂ ಕೇಳಲಿಲ್ಲ, ಈಗ ಕೇಳುವ ವಯಸ್ಸೂ ಅಲ್ಲ. ನಮ್ಮಿಬ್ಬರ ಮನೆಗಳ ನಡುವೆ ಇರುವುದು ಮರವಿಲ್ಲದ, ಗಾಳಿಗೆ ಅಡ್ಡವೇ ಇಲ್ಲದ ಒಂದು ಬೋಳು ಎತ್ತರ. ಕುರುಚಲು ಗಿಡ, ಒರಟು ಹುಲ್ಲಿನ ಕುಚ್ಚುಗಳು, ಅದರಡಿ ಪಾಚಿಯ ಹೊದಿಕೆ, ಪಾಚಿಯಡಿ ಕರಿ ಜೌಗು. ಮಂಜು ಇಳಿದರೆ ಕುರಿ ಯಾವುದು, ಬಂಡೆ ಯಾವುದು ತಿಳಿಯುವುದಿಲ್ಲ. ಎದ್ದು ಓಡಿದರೆ ಕುರಿ ಅಂದುಕೊಳ್ಳಬೇಕು. ನಿಮ್ಮ ನಕ್ಷೆ ಮಾಡಿದವರು ಅಷ್ಟಕ್ಕೂ ಕಂದು ಬಣ್ಣ ಬಳಿದು ಕೈ ತೊಳೆದುಕೊಂಡಿದ್ದಾರೆ. ನಮಗೆ ಮಾತ್ರ ಅಲ್ಲಿ ಎಡಗಿವಿಗೆ ತೊರೆಯ ಸದ್ದಿದೆ, ಬಲಗಡೆ ಅರ್ಧ ಕುಸಿದ ಹಳೆಯ ಗೋಡೆಯಿದೆ, ಎದುರಿಗೆ ಗುಡ್ಡದ ಸೀಳಿನಿಂದ ಮುಖಕ್ಕೆ ಬಡಿಯುವ ಗಾಳಿಯಿದೆ. ಈ ಮೂರರ ನಡುವೆ ಎಲ್ಲಿ ನಡೆದರೂ ಅದು ಮೇಲುದಾರಿಯೇ.

ಹಾಗೆ ನಡೆಯುವುದಕ್ಕೆ ನಮ್ಮಲ್ಲಿ ಇರುವುದು ಒಂದೇ ಕಟ್ಟಳೆ. ಮುಂದಿನವರ ಹೆಜ್ಜೆಯ ಮೇಲೆ ಹೆಜ್ಜೆ ಇಡಬಾರದು. ಒಂದೇ ಕಡೆ ಮತ್ತೆ ಮತ್ತೆ ತುಳಿದರೆ ಪಾಚಿ ಹರಿಯುತ್ತದೆ, ಹರಿದ ಕಡೆ ಜೌಗು ಮೇಲೆ ಬರುತ್ತದೆ. ಹಾಗೆ ಬಂದದ್ದು ನಮ್ಮ ಆಯುಸ್ಸಿನಲ್ಲಿ ಹಿಂದಕ್ಕೆ ಹೋಗುವುದಿಲ್ಲ. ಅದಕ್ಕೇ ಹತ್ತು ಜನ ಹೊರಟರೆ ಹತ್ತು ಕಡೆ ಹರಡಿಕೊಂಡು ಹೋಗುತ್ತೇವೆ, ಮಾತು ಮಾತ್ರ ಕೂಗಿ ಕೂಗಿ ಒಟ್ಟಿಗೆ ಆಡುತ್ತೇವೆ. ಚಿಕ್ಕವಳಿದ್ದಾಗ ನಾನು ಭಯಕ್ಕೆ ಅಮ್ಮನ ಹೆಜ್ಜೆಯ ಗುರುತಿನಲ್ಲೇ ಕಾಲಿಡಲು ಹೋದರೆ ಅವಳು ತಿರುಗಿ ಗದರುತ್ತಿದ್ದಳು: “ನನ್ ಹಿಂದೆ ಬಾ ಅಂದೆ, ನನ್ ಹೆಜ್ಜೆ ಮೇಲೆ ಬಾ ಅಂದ್ನಾ?” ಹೀಗೆ ಅಜ್ಜಿಯರ ಕಾಲದಿಂದ ನಡೆದೂ ನಡೆದೂ, ನಡೆದದ್ದೇ ಗೊತ್ತಾಗದ ಹಾಗೆ ಆ ನೆಲವನ್ನು ಇಟ್ಟುಕೊಂಡಿದ್ದೇವೆ. ಅದೇ ಈಗ ನಮ್ಮ ಕುತ್ತಿಗೆಗೆ ಬಂದಿದೆ.

ದಾರಿ ಪರಿಶೀಲಿಸಲು ನಿಮ್ಮ ಪರಿವೀಕ್ಷಕರು ಬರುತ್ತಾರೆಂಬ ಸುದ್ದಿ ಬಂದಾಗ ನಾವು ಮಾಡಿದ ದಡ್ಡತನವನ್ನು ಯಾರ ಹತ್ತಿರ ಹೇಳಿಕೊಳ್ಳಲಿ? ಮನೆಗೆ ನೆಂಟರು ಬರುತ್ತಾರೆಂದರೆ ಗುಡಿಸಿ ಸಾರಿಸುವುದಿಲ್ಲವೇ, ಹಾಗೆ ನಾವು ದಾರಿಯನ್ನು ಚೊಕ್ಕಟ ಮಾಡಿದೆವು! ನಮ್ಮ ಬೇಕರಿಯವನು ಅಂಗಡಿ ಅಂಗಡಿಗೆ ಹೋಗಿ ಹೇಳಿ ಬಂದ: “ಬರ್ತಿರೋದು ದೊಡ್ಡ ಆಫೀಸಿನವ್ರು. ಅವ್ರು ಬರೋವರ್ಗೂ ಯಾರೂ ಆ ಕಡೆ ಹೋಗ್ಬೇಡಿ. ದಾರಿ ಸ್ವಲ್ಪ ಸುಧಾರಿಸ್ಕೊಳ್ಲಿ.” ಎಲ್ಲರೂ ಅಷ್ಟೂ ದಿನ ಸುತ್ತುಬಳಸಿನ ರಸ್ತೆಯಲ್ಲೇ ಓಡಾಡಿದರು. ಅಕ್ಕನಂತೂ ಮೊಣಕಾಲೂರಿ ಕೂತು, ಬಾಗಿದ ಹುಲ್ಲಿನ ಕುಚ್ಚುಗಳನ್ನು ಕೈಯಿಂದ ಎತ್ತಿ ನಿಲ್ಲಿಸಿದಳು. ಪರೀಕ್ಷೆಯ ದಿನ ಆ ಬಯಲು ಹೇಗಿತ್ತೆಂದರೆ, ಸೃಷ್ಟಿಯಾದ ಮೇಲೆ ಅದರ ಮೇಲೆ ಕಾಲಿಟ್ಟ ಮೊದಲನೆಯವರು ನಿಮ್ಮ ಪರಿವೀಕ್ಷಕರೇ ಏನೋ ಅನ್ನುವ ಹಾಗಿತ್ತು.

ಮನುಷ್ಯ ಒಳ್ಳೆಯವರು, ಸುಳ್ಳು ಯಾಕೆ ಹೇಳಲಿ? ಮೆತ್ತಗೆ ಮಾತಾಡಿದರು, ಹೇಳಿಕೊಟ್ಟದ್ದನ್ನು ಬೇಗ ಕಲಿತರು. ಎಲ್ಲಿ ಕಾಲಿಡಬೇಕು, ಕುಚ್ಚಿನ ಬುಡ ಹೇಗೆ ಹುಡುಕಬೇಕು, ಭಾರ ಹೇಗೆ ಬಿಡಬೇಕು, ಎಲ್ಲವನ್ನೂ ಅಕ್ಕನೇ ಹೇಳಿಕೊಟ್ಟಳು. “ನೋಡೇ, ಎಷ್ಟು ಚೆನ್ನಾಗ್ ನಡೀತಾರೆ! ನಿನಗಿಂತ ಎಷ್ಟೋ ವಾಸಿ,” ಎಂದು ನನಗೊಂದು ಚುಚ್ಚು ಬೇರೆ. ಮೇಲೆ ತಲುಪಿದ ಮೇಲೆ ಅವರು ಹಿಂದಿರುಗಿ ನೋಡಿ, “ನಾವು ಬಂದಿದ್ದು ಯಾವ ಕಡೆಯಿಂದ?” ಅಂದರು. ನಾವೆಲ್ಲ ಹೆಮ್ಮೆಯಿಂದ ನಕ್ಕೆವು. ಅಕ್ಕನ ಮನೆಯಲ್ಲಿ ಟೀ ಕುಡಿದು, ನೋಯುವ ಬೆನ್ನು ನೀವಿಕೊಂಡು, ಅದೇ ದಾರಿಯಲ್ಲಿ ಇಳಿದು ಹೋದರು. ಹೋಗಿ ಬರೆದರು: ‘ಸ್ಥಳದಲ್ಲಿ ಜನಸಂಚಾರದ ಯಾವುದೇ ಗುರುತು ಕಂಡುಬಂದಿರುವುದಿಲ್ಲ.’ ಪುಣ್ಯಾತ್ಮರು ಕಂಡದ್ದನ್ನೇ ಬರೆದಿದ್ದಾರೆ. ಹೋಗಿ ಬಂದ ತಮ್ಮ ಎರಡು ಕಾಲುಗಳನ್ನು ಮಾತ್ರ ಜನಸಂಚಾರಕ್ಕೆ ಸೇರಿಸಿಕೊಳ್ಳಲಿಲ್ಲ.

ಇನ್ನು ನಿಮ್ಮ ‘ಮಾದರಿ ಪ್ರಕೃತಿ ಪಥ’ದ ವೈಭವಕ್ಕೆ ಬರೋಣ. ತೊರೆಯ ಆಚೆ ದಡದಲ್ಲಿ ಎರಡೂ ಪಕ್ಕ ಹಗ್ಗ ಕಟ್ಟಿ, ಎಲ್ಲರೂ ಒಂದೇ ಸಾಲಿನಲ್ಲಿ ಹೋಗಬೇಕೆಂದು ಆಜ್ಞೆ ಮಾಡಿದಿರಿ. ಬಾಗಿಲಲ್ಲೇ ಒಂದು ಬೋರ್ಡು: ‘ಇಲ್ಲಿ ಹೆಜ್ಜೆಗುರುತಲ್ಲದೆ ಬೇರೇನನ್ನೂ ಬಿಟ್ಟು ಹೋಗಬೇಡಿ.’ ಜನ ಮರ್ಯಾದಸ್ಥರು, ಹೇಳಿದ ಹಾಗೇ ಕೇಳಿದರು. ಮೊದಲನೇ ಮಳೆಗಾಲಕ್ಕೆ ಪಾಚಿ ಹರಿಯಿತು, ಎರಡನೆಯದಕ್ಕೆ ಜೌಗು ಬಾಯಿ ತೆರೆಯಿತು. ನೀವು ಹಲಗೆ ಹಾಸಿದಿರಿ, ಹಲಗೆ ಮುಳುಗಿತು. ಅದರ ಮೇಲೆ ಇನ್ನೊಂದು ಹಲಗೆ, ಅದೂ ಹೋಯಿತು. ಕೆಳಗೆ ಎಷ್ಟು ಹಲಗೆಗಳಿವೆಯೋ ಆ ಕರಿ ನೀರಿಗೇ ಗೊತ್ತು. ಬೇಕರಿಯವನ ಎಡಗಾಲಿನ ಬೂಟು ಅಲ್ಲೇ ಹೂತು ಹೋಗಿ ಆತ ಒಂಟಿಗಾಲಲ್ಲಿ ಕುಂಟುತ್ತಾ ಪೇಟೆಗೆ ಬಂದದ್ದನ್ನು ಊರೇ ನೋಡಿದೆ. ಅಲ್ಲಿಂದ ಬಂದವರ ಪ್ಯಾಂಟುಗಳು ನನ್ನ ಅಂಗಡಿಗೆ ಬಂದರೆ ಮೊದಲು ಬಕೆಟ್ಟಿನಲ್ಲಿ ನೆನೆಹಾಕಿ, ಯಾವುದು ಬಟ್ಟೆ ಎಂದು ಗೊತ್ತಾದ ಮೇಲೆ ಒಗೆಯಬೇಕು. ಆ ಹೊಂಡಕ್ಕೆ ನಿಮ್ಮ ಇಲಾಖೆ ಈ ವರ್ಷ ಅತ್ಯುತ್ತಮ ಕಾಲುದಾರಿಯೆಂದು ಬಹುಮಾನ ಕೊಟ್ಟಿದೆ. ಕಾರಣ, ‘ಬಳಕೆಯ ಗುರುತುಗಳು ನಿಚ್ಚಳವಾಗಿವೆ.’ ನಿಚ್ಚಳವಾಗಿಯೇ ಇವೆ ಸ್ವಾಮಿ, ಆ ಕಡೆ ಗುಡ್ಡದಿಂದಲೂ ಕಾಣುತ್ತವೆ.

ನಗು ಸಾಕು. ಅಕ್ಕನದು, ಕಣ್ಣಿನ ನೋಟ ಅಂಚಿನಿಂದ ಒಳಕ್ಕೆ ಕುಗ್ಗುತ್ತಾ ಬರುವ ಕಾಯಿಲೆ. ಈಗ ಎದುರಿಗಿರುವುದು ಕಾಣುತ್ತದೆ, ಕಾಲಡಿಯದು ಕಾಣುವುದಿಲ್ಲ. ಬರುವ ಚಳಿಗಾಲದ ಹೊತ್ತಿಗೆ ಬೆಳಕು ಕತ್ತಲೆ ಬಿಟ್ಟರೆ ಹೆಚ್ಚೇನೂ ಉಳಿಯುವುದಿಲ್ಲವೆಂದು ಡಾಕ್ಟರಮ್ಮ ಹೇಳಿದರು. ಅದನ್ನು ಕೇಳಿ ನಾನು ಅತ್ತೆ. ಅಕ್ಕ ಅಳಲಿಲ್ಲ. ಆಸ್ಪತ್ರೆಯ ಮೆಟ್ಟಿಲಿಳಿಯುತ್ತಲೇ, “ಹಾಗಾದ್ರೆ ಇನ್ನೂ ಟೈಮಿದೆ. ದಿನಾ ಒಂದ್ ಸಲ ಹತ್ತಿ ಇಳೀತೀನಿ. ಕಣ್ಣಿರೋವಾಗ ಕಾಲಿಗೆ ಪಾಠ ಆಗ್ಬಿಡ್ಲಿ,” ಅಂದಳು. ತೊರೆಯ ಸದ್ದು ಎಲ್ಲಿ ತಗ್ಗುತ್ತದೆ, ಗಾಳಿ ಎಲ್ಲಿ ಕೆನ್ನೆ ಬದಲಿಸುತ್ತದೆ, ನೆಲ ಎಲ್ಲಿ ಅಂಗಾಲಿಗೆ ಗಟ್ಟಿ ಸಿಗುತ್ತದೆ, ಇದನ್ನೆಲ್ಲ ಅವಳು ಕಣ್ಣಿನಿಂದ ತಾಳೆ ನೋಡಿಕೊಳ್ಳಬೇಕಿತ್ತು. ಹಾಗೆ ಕಲಿತರೆ ಕಣ್ಣು ಹೋದ ಮೇಲೂ ತನ್ನ ಮನೆಯಲ್ಲೇ ಇರಬಹುದು, ಬೇಕಾದಾಗ ಪೇಟೆಗಿಳಿದು ನನ್ನ ಜೊತೆ ಜಗಳವಾಡಿ ಹೋಗಬಹುದು. ಆ ವಾರವೇ ನಿಮ್ಮ ಗೇಟು ಬಂತು.

ರಸ್ತೆಯಲ್ಲಿ ಹೋಗಬಾರದೇ ಎಂದು ಕೇಳುತ್ತೀರಿ, ಗೊತ್ತು. ರಸ್ತೆ ಗುಡ್ಡವನ್ನೆಲ್ಲ ಬಳಸಿ ಹೋಗುತ್ತದೆ, ಬಸ್ಸಿಲ್ಲ, ಹಾಲಿನ ವ್ಯಾನಿನವನು ಮನಸ್ಸು ಬಂದ ದಿನ ಹತ್ತಿಸಿಕೊಳ್ಳುತ್ತಾನೆ. ಅಕ್ಕ ಹಾಗೆ ಮನೆ ಸೇರಬಹುದು. ಆಮೇಲೆ ಕಣ್ಣಿಲ್ಲದೆ, ದಾರಿಯಿಲ್ಲದೆ, ವ್ಯಾನಿನವನ ಮರ್ಜಿ ಕಾಯುತ್ತಾ ಅಲ್ಲೇ ಕೂತಿರಬೇಕು. ಅದಕ್ಕೇ ಅವಳೀಗ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದಾಳೆ. ಇಸ್ತ್ರಿಯ ಹಬೆ ಅವಳಿಗೆ ಆಗುವುದಿಲ್ಲ, ನನ್ನ ಗೊರಕೆ ಅವಳಿಗೆ ಆಗುವುದಿಲ್ಲ, ಅವಳ ಬಾಯಿ ನನಗೆ ಆಗುವುದಿಲ್ಲ. ಬೇಜಾರಾದಾಗ ನನ್ನ ಸೋಪಿನ ಗಟ್ಟಿಗಳನ್ನೆಲ್ಲ ತೆಗೆದು ಕಪಾಟಿನ ಮೇಲೆ ಗೋಡೆ ಕಟ್ಟುತ್ತಾಳೆ. ಗಿರಾಕಿಗಳು ಬಂದಾಗ ಒಂದು ಗಟ್ಟಿ ಎಳೆಯಲು ನನಗೆ ಧೈರ್ಯ ಬರುವುದಿಲ್ಲ. ಅವಳು ಇಲ್ಲಿರುವುದು ನನಗೆ ಭಾರವಲ್ಲ. ಆದರೆ ಅವಳು ಇಲ್ಲಿ ದಿನ ದಿನಕ್ಕೆ ಸಣ್ಣಗಾಗುತ್ತಿದ್ದಾಳೆ, ಅದನ್ನು ನೋಡಲು ನನ್ನ ಕೈಲಾಗುತ್ತಿಲ್ಲ.

ನಿಮ್ಮ ಕಚೇರಿಗೂ ಬಂದಿದ್ದೆ. ನೀವು ಸಿಗಲಿಲ್ಲ; ಸಿಗುವ ಪದ್ಧತಿ ಇಲ್ಲವಂತೆ. ಹಜಾರದಲ್ಲಿ ನಮ್ಮ ಕಣಿವೆಯನ್ನು ಪ್ಲಾಸ್ಟರಿನಲ್ಲಿ ಮಾಡಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೀರಿ, ಚೆನ್ನಾಗಿದೆ, ಗಾಳಿಯೊಂದೇ ಕಮ್ಮಿ. ಕೌಂಟರಿನ ಕಿಂಡಿಯನ್ನು ಎಷ್ಟು ಕೆಳಗೆ ಕೊರೆಸಿದ್ದೀರೆಂದರೆ, ಯಾರೇ ಮಾತಾಡಿದರೂ ಸೊಂಟ ಬಗ್ಗಿಸಿಯೇ ಮಾತಾಡಬೇಕು. ಬಗ್ಗಿಸಿದೆ. ಒಳಗಿದ್ದ ಗುಮಾಸ್ತರು ಪಾಪ, ಸಮಾಧಾನದಿಂದಲೇ ಕೇಳಿದರು:

“ಅಮ್ಮಾ, ದಾರಿ ಅಂದ್ಮೇಲೆ ಕಣ್ಣಿಗೆ ಕಾಣ್ಬೇಕಲ್ವಾ?”

“ಕಾಣೋ ಹಾಗೆ ತುಳಿದ್ರೆ ಅದು ಹಾಳಾಗುತ್ತೆ ಸಾರ್. ಹಾಳಾಗ್ದೇ ಇರೋದಕ್ಕೇ ಕಾಣ್ತಿಲ್ಲ.”

“ಅದೆಲ್ಲ ನಂಗೆ ಅರ್ಥ ಆಗುತ್ತೆ. ನಿಯಮಕ್ಕೆ ಅರ್ಥ ಆಗ್ಬೇಕಲ್ಲ? ಮುಂದಿನ ಪರಿಶೀಲನೆ ಇನ್ನು ಮೂರು ವರ್ಷಕ್ಕೆ.”

“ಅಷ್ಟರಲ್ಲಿ ನಮ್ಮಕ್ಕಂಗೆ ಕಣ್ಣೇ ಇರಲ್ಲ!”

ಅವರು ಆ ಕಡೆ ಈ ಕಡೆ ನೋಡಿ, ಕಿಂಡಿಗೆ ಬಾಯಿ ಹತ್ತಿರ ತಂದು ಹೇಳಿದರು: “ಒಂದ್ ಕೆಲ್ಸ ಮಾಡಿ. ನಾನ್ ಹೇಳ್ದೆ ಅಂತ ಹೇಳ್ಬೇಡಿ. ಒಂದ್ ದಿನ ಊರೋರೆಲ್ಲ ಸೇರಿ, ಸಾಲಾಗಿ ಒಬ್ರ ಹಿಂದೆ ಒಬ್ರು ಮೇಲಕ್ಕೂ ಕೆಳಕ್ಕೂ ತುಳಿದ್ಬಿಡಿ. ಗುರುತು ಬೀಳ್ಲಿ. ಒಂದ್ ಫೋಟೋ ಕಳ್ಸಿ. ಗೇಟು ತಾನಾಗೇ ತೆರ್ಕೊಳುತ್ತೆ.”

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನನಗೂ ಆ ಕ್ಷಣ ದೇವರು ಬಾಯಿಬಿಟ್ಟ ಹಾಗಾಯಿತು. ಅಂದೇ ಸಂಜೆ ಅಂಗಡಿಯ ಬಾಗಿಲು ಅರ್ಧ ಎಳೆದು ಎಲ್ಲರನ್ನೂ ಸೇರಿಸಿದೆ. ಬೇಕರಿಯವನು ಆಗಲೇ ಎದ್ದು ನಿಂತ: “ಭಾರಿ ಬೂಟು ಹಾಕ್ಕೊಂಡು ಬನ್ನಿ ಎಲ್ರೂ. ಮಧ್ಯಾಹ್ನದೊಳಗೆ ಕಾಲುವೆ ಮಾಡ್ಬಿಡೋಣ!” ಅಂಚೆಯಣ್ಣ ತನ್ನ ಸೈಕಲ್ಲನ್ನೂ ತರುತ್ತೇನೆಂದ. ಎಲ್ಲರೂ ಹೂಂ ಅಂದರು. ನಾನೂ ಅಂದೆ, ಜೋರಾಗಿಯೇ ಅಂದೆ. ಆಗ ಹಿಂದಿನ ಕೋಣೆಯ ಬಾಗಿಲಲ್ಲಿ ಅಕ್ಕ, ಚೌಕಟ್ಟು ಹಿಡಿದುಕೊಂಡು ನಿಂತಿದ್ದಳು.

“ಯಾರಿಗೋಸ್ಕರ ಇದೆಲ್ಲ?” ಅಂದಳು.

“ನಿನಗೋಸ್ಕರನೇ ಅಲ್ವೇನೇ!”

“ನನ್ನ ಕಣ್ಣು ಹೇಗೂ ಹೋಗೋದೇ. ಅದ್ರ ಜೊತೆ ಆ ನೆಲಾನೂ ಯಾಕೆ ಹೋಗ್ಬೇಕು? ಹಾಗೇನಾದ್ರೂ ಅದನ್ನ ಹರಿದ್ರೆ, ಗೇಟು ತೆರೆದ್ರೂ ನಾನು ಕಾಲಿಡಲ್ಲ. ನಿಮ್ಮ ಯಾರ ಮುಖಾನೂ ನೋಡಲ್ಲ.” ಆಮೇಲೆ, “ನೋಡೋಕೆ ಹೇಗೂ ಆಗಲ್ಲ ಬಿಡಿ,” ಎಂದು ತಾನೇ ನಕ್ಕಳು. ಬೇಕರಿಯವನು ಕೂತುಬಿಟ್ಟ, ಸಭೆ ಮುಗಿಯಿತು.

ನಿರ್ದೇಶಕರೇ, ನಿಮ್ಮ ನಿಯಮ ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆ ನೋಡಿ. ದಾರಿಯನ್ನು ಹಾಳುಮಾಡಿದವರಿಗೆ ದಾರಿ ಸಿಗುತ್ತದೆ, ಬಹುಮಾನವೂ ಸಿಗುತ್ತದೆ, ಕಾಪಾಡಿದವರಿಗೆ ಬೀಗ. ಉಂಡ ತಟ್ಟೆಯನ್ನು ತೊಳೆದಿಟ್ಟರೆ ‘ನೀವು ಉಂಡೇ ಇಲ್ಲ’ ಎಂದು ಅನ್ನವನ್ನೇ ಕಸಿದುಕೊಳ್ಳುವ ನ್ಯಾಯವನ್ನು ನೀವು ಯಾವ ಶಾಲೆಯಲ್ಲಿ ಕಲಿತಿರಿ? ನಿಮಗೂ ಒಬ್ಬ ಅಕ್ಕ ಇರಬಹುದು. ಇಲ್ಲದಿದ್ದರೆ ಕಾಲಂತೂ ಇರಬೇಕು. ಅವನ್ನು ಮೇಜಿನಡಿಯಿಂದ ತೆಗೆದು, ನಾನು ಕೇಳುವ ಇಷ್ಟನ್ನು ಮಾಡಿ: ಪರಿಶೀಲನೆಗೆ ಮೂರು ವರ್ಷ ಕಾಯದೆ ಈ ವಾರವೇ ಗೇಟು ತೆಗೆಸಿ, ದಾರಿಯನ್ನು ದಾರಿಯೆಂದು ಮತ್ತೆ ಬರೆಸಿ, ಗುರುತು ಕೇಳುವ ಆ ನಿಯಮವನ್ನು ಜೌಗು ನೆಲಕ್ಕೆ ಅನ್ವಯಿಸಬೇಡಿ.

ಇಷ್ಟು ದಿನ ಕಾನೂನಿಗೆ ತಲೆಬಾಗಿ ಕಾದೆವು. ಗೇಟಿನ ಎರಡೂ ಪಕ್ಕದ ಗೋಡೆ ಅಕ್ಕನೇ ಕಟ್ಟಿದ್ದು. ಅವಳು ಮನಸ್ಸು ಮಾಡಿದರೆ ಟೀ ಆರುವುದರೊಳಗೆ ಕಲ್ಲು ಬಿಚ್ಚಿ ಬಾಗಿಲು ಮಾಡಿಕೊಡಬಲ್ಲಳು. ಕಟ್ಟಿದ್ದನ್ನು ಬಿಚ್ಚುವುದಿಲ್ಲವಂತೆ, ಅದೂ ಅವಳ ಹಠ. ಹಾಗಾಗಿ ಬರುವ ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೊರಡುತ್ತೇವೆ, ತೆರೆದಿದ್ದರೆ ಗೇಟಿನಿಂದ, ಇಲ್ಲದಿದ್ದರೆ ಗೇಟಿನ ಮೇಲಿಂದ. ಹತ್ತುವುದು ಅಪರಾಧವೆಂದು ಫಲಕದಲ್ಲಿದೆ, ಓದಿದ್ದೇನೆ. ಹಿಡಿಯಲು ಯಾರನ್ನಾದರೂ ಕಳಿಸುವುದಿದ್ದರೆ ದಯವಿಟ್ಟು ಕಳಿಸಿ. ಸ್ವಲ್ಪ ಎತ್ತರದವರನ್ನು, ತೋಳಲ್ಲಿ ಬಲವಿರುವವರನ್ನು ಕಳಿಸಿ. ಈ ಕಡೆಯಿಂದ ನಾನು ಅಕ್ಕನನ್ನು ಹತ್ತಿಸುತ್ತೇನೆ. ಆ ಕಡೆ ಇಳಿಸಿಕೊಳ್ಳಲು ಒಬ್ಬರು ಬೇಕು. ಕೆಳಗೆ ಎಷ್ಟು ಆಳವಿದೆ ಎಂದು ಅವಳಿಗೆ ಈಗ ಕಾಣುವುದಿಲ್ಲ.

ಇಂತಿ,
ನಿಮ್ಮ ಕಚೇರಿಯ ಪ್ರಕಾರ ಇದುವರೆಗೆ ಎಲ್ಲಿಗೂ ನಡೆದು ಹೋಗದ,
ಶನಿವಾರ ಅಂಗಡಿಗೆ ರಜೆ ಹಾಕಿರುವ,
ಕೆಳಪೇಟೆಯ ಇಸ್ತ್ರಿಯವಳು