ಸೂಜಿ ಬೇಡವೆಂದ ಊರು

ಬಂಡಿಯಾಗರಾ ಬಂಡೆಸಾಲು

ಪ್ರೀತಿಯ ತಂಗಿ,

ಇಲ್ಲಿ ಹೊಳೆಯಿಲ್ಲ, ನಮ್ಮಂಥ ಬೋಜೋ ಬೆಸ್ತರ ಕಣ್ಣು ನೀರನ್ನೇ ಹುಡುಕುತ್ತದೆ. ನೆರೆಯ ಜನಾಂಗಗಳ ವಂಶವಾಹಿಗಳು ಎಷ್ಟು ಹತ್ತಿರವೆಂದು ತಿಳಿಯುವ ಅಧ್ಯಯನಕ್ಕಾಗಿ ನಿನ್ನ ಮಗಳು ಜೆನೇಬಾಳೊಡನೆ ಈರುಳ್ಳಿ ಬೆಳೆಯುವ ಈ ದೋಗೋನರ ಊರಿಗೆ ಬಂದಿದ್ದೇನೆ. ರಕ್ತ ತೆಗೆಯಬೇಕಿದ್ದ ದೋಗೋನ್ ಸಹಾಯಕ ಜ್ವರದಿಂದ ಮಲಗಿದ್ದರಿಂದ, ನಿನ್ನೆ ಉತ್ಸಾಹದಲ್ಲಿ ಅವಳೇ ಸೂಜಿ ಹಿಡಿದಳು. ಹಿರಿಯರಾದ ಅಂಬಾದಿಯೋ ಥಟ್ಟನೆ ಕೈ ಹಿಂದೆಳೆದರು. ಸಾಲಿನಲ್ಲಿ ಕುಳಿತವರೆಲ್ಲ ಎದ್ದರು. ನಮಗೂ ದೋಗೋನರಿಗೂ ತಲೆಮಾರುಗಳಿಂದ ಇರುವ, ಒಬ್ಬರನ್ನೊಬ್ಬರು ಬೈದು ನಗುವ ಸಲುಗೆಯಲ್ಲೇ ಅಂಬಾದಿಯೋ ಕೂಗಿದರು:

“ಏ ಮೀನುನಾತದವಳೇ, ಬೋಜೋ ಕೈಯಿಂದ ದೋಗೋನ್ ರಕ್ತ ಬೀಳಬಾರ್ದು ಅನ್ನೋ ಹಳೇ ಆಣೆ ನಿಮ್ಮಮ್ಮ ಹೇಳ್ಕೊಟ್ಟಿಲ್ವಾ?”

“ಹೇಳಿದಾಳೆ ತಾತ. ಈರುಳ್ಳಿ ತಿನ್ನೋರ ಮೈಯಲ್ಲೂ ರಕ್ತ ಇರುತ್ತೆ ಅಂತ ಹೇಳಿರ್ಲಿಲ್ಲ!”

ಅವರು ನಕ್ಕರು, ಆದರೆ ಕೈ ಚಾಚಲಿಲ್ಲ. ಈ ಊರು ತಪ್ಪಿದರೆ ಅವಳ ಅಧ್ಯಯನ ಅರ್ಧಕ್ಕೇ ನಿಲ್ಲುತ್ತಿತ್ತು. ಅವಳು ಸೂಜಿಯನ್ನು ಒಳಗಿಟ್ಟು ಗಾಜಿನ ಕೊಳವೆಯೊಂದನ್ನು ಮುಂದೊಡ್ಡಿದಳು.

“ತಪ್ಪಾಯ್ತು ತಾತ. ಇದರೊಳಗೆ ಉಗುಳಿ, ಸಾಕು. ಎಂಜಲಲ್ಲೂ ವಂಶದ ಗುರುತು ಸಿಗುತ್ತೆ.”

“ಕೇಳಿದ್ರೇನ್ರೋ! ಉಗೀರಿ ಅಂತ ಬೋಜೋನೇ ಬೇಡ್ಕೊಳ್ತಿದಾಳೆ! ಬನ್ರೋ ಎಲ್ಲಾ!”

ಸಂಜೆಯೊಳಗೆ ಇಡೀ ಊರು ಉಗುಳಿತ್ತು. ಕೊನೆಗೆ ಅಂಬಾದಿಯೋ ಮೆಲ್ಲನೆ ಕೇಳಿದರು: “ನಾವು ನೀವು ಒಂದೇ ವಂಶ ಅಂತ ಬಂದ್ರೆ, ಬೈಯೋ ಹಕ್ಕು ಹೋಗುತ್ತಾ ಮಗಳೇ?”

“ಪರೀಕ್ಷೆ ಏನಾದ್ರೂ ಹೇಳ್ಲಿ ತಾತ, ನೀವು ಈರುಳ್ಳಿನೇ, ನಾನು ಮೀನೇ.”

ಹೊರಡುವಾಗ ಇದ್ದ ನನ್ನ ಕೆಮ್ಮು ಈಗ ವಾಸಿಯಾಗಿದೆ. ಅವರು ಕೊಟ್ಟ ಈರುಳ್ಳಿಮೂಟೆ ಈ ಕಾರ್ಡಿನೊಡನೆಯೇ ಲಾರಿಯಲ್ಲಿ ಬರುತ್ತಿದೆ. ಅದೇ ಲಾರಿಯಲ್ಲಿ ಒಣಮೀನು ಕಳಿಸು. ಅತಿ ಹೆಚ್ಚು ನಾರುವುದೇ ಬೇಕೆಂದು ಅಂಬಾದಿಯೋ ಅವರ ಅಪ್ಪಣೆ. ಚಾಲಕ ಕೂಗುತ್ತಿದ್ದಾನೆ.

ನಿನ್ನ ಅಣ್ಣ,
ಸೇಕು